ಹೊರೋರ್ಯಾರು?

ಮಧುಗಿರಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಪಿ.ಟಿ. ಮೇಡಂ ಚಾರಣಕ್ಕೆ ಪಾತ್ರೆ ಆರಿಸುವಾಗ ಪ್ರತಿಯೊಂದನ್ನೂ ಕಿರುಬೆರಳಲ್ಲಿ ಎತ್ತಿ ನೋಡುತ್ತಿದ್ದರು. ಬೆರಳು ಬಾಗಿದರೆ, “ಇದನ್ನ ಹೊರೋರ್ಯಾರಮ್ಮ?” ಎಂದು ಪಕ್ಕಕ್ಕಿಡುತ್ತಿದ್ದರು. ನಾವಿಬ್ಬರೂ ನಾಲ್ಕಾರು ದಿನ ಬೆಟ್ಟ ಸುತ್ತಲು ಹೊರಟಾಗ ನನ್ನ ಕುಕ್ಕರ್, ಸೌಟು, ಮುದ್ದೆ ಕೋಲು ಎಲ್ಲ ಹೀಗೇ ಮನೆಯಲ್ಲುಳಿದವು. ಒಂದು ಪಾತ್ರೆ, ಪುಟ್ಟ ಸ್ಟೌ, ಚಮಚ ಅಷ್ಟೇ ಬಂದವು.

ಮೊದಲ ದಿನ ಸಂಜೆ ಚನ್ನರಾಯನದುರ್ಗದ ಬೆಟ್ಟದಲ್ಲಿ ಕುದಿಯುವ ನೀರಿಗೆ ರಾಗಿ ಹಿಟ್ಟು ಹಾಕಿ ಚಮಚದಲ್ಲಿ ತಿರುವಿದೆ. ಚಮಚವೇ ಬಾಗಿತು.

“ಕೋಲು ಬೇಡ ಅಂದ್ರಲ್ಲ ಮೇಡಂ, ಈಗ ಹೆಂಗೆ ತಿರುವೋದು?” ಎಂದು ರೇಗಿದೆ.

ಅವರು ದಿನವಿಡೀ ಊರಿಕೊಂಡು ಬಂದಿದ್ದ ಕೋಲಿನ ತುದಿಗೆ ಸುತ್ತಿದ್ದ ಬಟ್ಟೆ ಬಿಚ್ಚಿದರು. ಅದು ಅವರ ಮನೆಯ ಉದ್ದನೆಯ ಮುದ್ದೆ ಕೋಲು.

“ನಂದು ಬೇಡ, ನಿಮ್ದು ಮಾತ್ರ ಹೊತ್ಕೊಂಡ್ ಬಂದ್ರಾ?”

“ನಾನೆಲ್ಲಿ ಹೊತ್ತೆ ಕಣಮ್ಮ?” ಎಂದರು, ಕೋಲನ್ನು ಪಾತ್ರೆಗಿಳಿಸುತ್ತ. “ಇದೇ ನನ್ನ ಹೊತ್ಕಂಡ್ ಬಂತು.”