ತೆಲಿಗಿಯಿಂದ ಹೆಪ್ಪಿಗೆ ಬಂದವರು

ಹರಪನಹಳ್ಳಿಯಲ್ಲಿ ನಮ್ಮದು ಗಿರವಿ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಬಾಗಿಲು. ಗಂಡಸರು ಮುಂದಿನಿಂದ ಬಂದು ಅಪ್ಪನೆದುರು ಕೂರುತ್ತಿದ್ದರು. ಹೆಂಗಸರು ಹಿಂದಿನ ಓಣಿಯಿಂದ ಸೀದಾ ಅಡುಗೆಮನೆಗೆ ಬರುತ್ತಿದ್ದರು, ಕೈಯಲ್ಲೊಂದು ಎರಡಂತಸ್ತಿನ ಸ್ಟೀಲ್ ಡಬ್ಬಿ ಹಿಡಿದುಕೊಂಡು. ಹೊಸ್ತಿಲಲ್ಲೇ ನಿಂತು ಓಣಿಗೆಲ್ಲ ಕೇಳಿಸುವ ಹಾಗೆ, "ಅಕ್ಕಾರ, ಒಂದೀಟು ಹೆಪ್ಪು ಐತೇನ್ರಿ?" ಎನ್ನುತ್ತಿದ್ದರು. ಡಬ್ಬಿಯ ಮೇಲಿನ ಬಟ್ಟಲು ಖಾಲಿ. ಕೆಳಗಿನದರಲ್ಲಿ ಹಳೆ ಬಟ್ಟೆಯ ತುಂಡಿನಲ್ಲಿ ಸುತ್ತಿದ ಸರವೋ ಬಳೆಯೋ ಇರುತ್ತಿತ್ತು. ಅವ್ವ ಅದನ್ನು ನಡುಬಾಗಿಲಿನಿಂದ ಅಪ್ಪನಿಗೆ ದಾಟಿಸಿ, ಅಪ್ಪ ಕೊಟ್ಟ ದುಡ್ಡು ಮತ್ತು ಚೀಟಿಯನ್ನು ಕೆಳಗಿನ ಬಟ್ಟಲಲ್ಲಿಟ್ಟು, ಮೇಲಿನದಕ್ಕೆ ನಿಜವಾಗಿಯೂ ಒಂದು ಚಮಚ ಮೊಸರು ಹಾಕಿ ಕಳಿಸುತ್ತಿದ್ದಳು. ದಾರಿಯಲ್ಲಿ ಯಾರಾದರೂ ಮುಚ್ಚಳ ತೆಗೆಸಿದರೆ ಮೊಸರೇ ಕಾಣಬೇಕಲ್ಲ.

ಈ ಏರ್ಪಾಡು ನಮ್ಮ ಅಜ್ಜಿಯ ಕಾಲದ್ದು. ಬಸ್ಸಿನ ಚಾರ್ಜು ಕೊಟ್ಟುಕೊಂಡು ಒಂದು ಚಮಚ ಹೆಪ್ಪಿಗೆ ಪರವೂರಿನಿಂದ ಯಾರು ಬರುತ್ತಾರೆ ಎಂದು ಯಾರೂ ಕೇಳುತ್ತಿರಲಿಲ್ಲ. ಯಾರದಾದರೂ ಮದುವೆಯಲ್ಲಿ ಗಿರಾಕಿಗಳು ಎದುರಾದರೆ ನಾವೇ ಮೊದಲು ಮುಖ ತಿರುಗಿಸಬೇಕು, ಅದು ಮನೆಯ ಕಟ್ಟಪ್ಪಣೆ. ಅದಕ್ಕೇ ಅರ್ಧ ಊರು ಅಪ್ಪನನ್ನು ಜಂಬದ ಮನುಷ್ಯ ಎನ್ನುತ್ತಿತ್ತು. ಎನ್ನಲಿ ಬಿಡು, ಎಂದು ಅಪ್ಪ ಸುಮ್ಮನಿರುತ್ತಿದ್ದರು.

ಇಂಥ ಮನೆಗೆ ಟೀವಿಯವರನ್ನು ಕರೆತಂದ ಮಹಾತಾಯಿ ನಾನೇ.

ಎರಡು ಸಾವಿರದ ದಶಕ ಮುಗಿಯುತ್ತ ಬಂದಿತ್ತು. ನಾನು ಡಿಗ್ರಿ ಕೊನೆಯ ವರ್ಷದಲ್ಲಿದ್ದೆ. ಯಾವ ಚಾನೆಲ್ ಹಾಕಿದರೂ ರಿಯಾಲಿಟಿ ಶೋ. ಒಂದರಲ್ಲಿ ಮನೆಮಂದಿಯೆಲ್ಲ ಸೇರಿ ನಡೆಸುವ ಅಂಗಡಿಗಳನ್ನು ವಾರಕ್ಕೊಂದರಂತೆ ತೋರಿಸುತ್ತಿದ್ದರು, ನಿಮ್ಮದೂ ಇದ್ದರೆ ಪತ್ರ ಬರೆಯಿರಿ ಎನ್ನುತ್ತಿದ್ದರು. ಬರೆದೆ. ಅಮೆರಿಕದಲ್ಲಿ ಗಿರವಿ ಅಂಗಡಿಯದೇ ಒಂದು ಶೋ ಭಾರಿ ಓಡುತ್ತಿತ್ತಂತೆ, ಅವರಿಗೂ ಅಂಥದ್ದೇ ಬೇಕಿತ್ತಂತೆ. ಒಪ್ಪಿಗೆಯ ಫೋನು ಬಂದಾಗ ಅಪ್ಪ, "ನಿನಗ ಬುದ್ಧಿ ಐತೇನ?" ಎಂದು ಎಗರಾಡಿದರು. ನಾನು ಎರಡು ದಿನ ಊಟ ಬಿಟ್ಟೆ. ಎರಡೂ ದಿನ ಗೆಳತಿಯ ಮನೆಯಲ್ಲಿ ಹೊಟ್ಟೆ ಬಿರಿಯುವಷ್ಟು ಮಂಡಕ್ಕಿ ಮಿರ್ಚಿ ತಿಂದದ್ದು ಅಪ್ಪನಿಗೆ ಗೊತ್ತಾಗಲಿಲ್ಲ. ಮೂರನೆಯ ದಿನ ಸೋತರು. "ಅಂಗಡಿ ಅಷ್ಟ ತೋರಿಸ್ಬೇಕು. ಗಿರಾಕಿ ಮುಖ ತೋರಿಸಂಗಿಲ್ಲ" ಎಂದು ಕರಾರು ಹಾಕಿದರು.

ಟೀವಿಯವರು ಬಂದ ದಿನ ಬೆಳಗಿನಿಂದ ಒಬ್ಬ ಗಿರಾಕಿಯೂ ಅಂಗಡಿ ಹತ್ತಲಿಲ್ಲ. ಕ್ಯಾಮೆರಾ ಕಂಡವರೆಲ್ಲ ಪಕ್ಕದ ಚಹಾದಂಗಡಿಗೆ ನುಗ್ಗಿ, ಬೇಡವಾದ ಚಹಾ ಕುಡಿದು ಹೋದರು. ಅಪ್ಪ ಖಾಲಿ ತಕ್ಕಡಿಯನ್ನು ಐದು ಸಲ ಎತ್ತಿ ತೋರಿಸಿದರು. ಬೇಸತ್ತ ನಿರ್ದೇಶಕ ಅಡುಗೆಮನೆಗೆ ಹೊರಟ. ಹೊಸ ಚೂಡಿದಾರ ಹಾಕಿಕೊಂಡಿದ್ದ ನಾನು ತಡೆಯುವುದು ಬಿಟ್ಟು ದಾರಿ ತೋರಿಸಿದೆ.

"ಅಮ್ಮಾ, ದಿನಾ ಏನು ಮಾಡ್ತೀರೋ ಅದನ್ನೇ ಮಾಡಿ. ನಾವು ಇಲ್ಲಿ ಇಲ್ಲವೇ ಇಲ್ಲ ಅಂದ್ಕೊಳ್ಳಿ" ಎಂದ ಅವ್ವನಿಗೆ.

ನಮ್ಮ ಅವ್ವ ಹೇಳಿದ ಮಾತು ಮೀರುವವಳಲ್ಲ. ಕ್ಯಾಮೆರಾದವನು ರುಬ್ಬುವ ಕಲ್ಲಿನ ಪಕ್ಕದ ಮೂಲೆಯಲ್ಲಿ ನಿಂತ. ಅಷ್ಟು ಹೊತ್ತಿಗೆ ಹಿಂಬಾಗಿಲಲ್ಲಿ, "ಅಕ್ಕಾರ, ಹೆಪ್ಪು ಐತೇನ್ರಿ?" ಎಂದು ತೆಲಿಗಿಯ ಹೆಣ್ಣುಮಗಳು ಬಂದರು. ನಾನು ಅವರನ್ನು ಅತ್ತೆ ಎಂದೇ ಕರೆಯುತ್ತಿದ್ದೆ, ಅಡುಗೆಮನೆಯಲ್ಲಿ ಮಾತ್ರ. ಅವ್ವ ದಿನಾ ಮಾಡುವುದನ್ನೇ ಮಾಡಿದಳು. ಡಬ್ಬಿ ತೆಗೆದುಕೊಂಡಳು, ಮೇಲಿನ ಬಟ್ಟಲು ಎತ್ತಿಟ್ಟಳು, ಕೆಳಗಿನದರಿಂದ ಎರಡು ಅಗಲವಾದ ಬಂಗಾರದ ಬಳೆ ತೆಗೆದು ಕಿಟಕಿಯ ಬೆಳಕಿಗೆ ಹಿಡಿದಳು. ಹೆಬ್ಬೆರಳಿನಿಂದ ಉಜ್ಜಿಯೂ ನೋಡಿದಳು.

ಆಗ ಅತ್ತೆಗೆ ಮೂಲೆಯಲ್ಲಿ ನಿಂತವನು ಕಂಡ. ತಲೆಯ ಮೇಲೆ ಸೆರಗೆಳೆದುಕೊಂಡು ಗೋಡೆಗೊರಗಿ ಕೂತುಬಿಟ್ಟರು.

"ಅಕ್ಕಾ, ಆ ಬಳಿ ಕೂಡ್ಲಿಗಿ ಮಂದಿ ನೋಡ್ಯಾರವ್ವಾ" ಎಂದರು.

ವಿಷಯ ಇಷ್ಟು. ಅವರ ಮಗಳಿಗೆ ಕೂಡ್ಲಿಗಿಯ ಸಂಬಂಧ ಕೂಡಿಬಂದಿತ್ತು. ಮಾತುಕತೆಯ ದಿನ ಗಂಡಿನ ಕಡೆಯವರ ಮುಂದೆ ಈ ಬಳೆ ಇಟ್ಟು, ಮದುವೆಯಲ್ಲಿ ಮಗಳ ಕೈಗೆ ಇವನ್ನೇ ಹಾಕುತ್ತೇವೆ ಎಂದು ಹೇಳಿದ್ದರು. ಈಗ ನಿಶ್ಚಿತಾರ್ಥದ ಖರ್ಚಿಗೆ ಕೈಯಲ್ಲಿ ಕಾಸಿರಲಿಲ್ಲ. ಬಳೆ ಗಿರವಿ ಇಟ್ಟು ನಿಶ್ಚಿತಾರ್ಥ ಮುಗಿಸಿ, ಮೆಕ್ಕೆಜೋಳ ಮಾರಿದ ಮೇಲೆ ಮದುವೆಯೊಳಗೆ ಬಿಡಿಸಿಕೊಳ್ಳುವ ಲೆಕ್ಕ ಅವರದು. ಕೊಡುತ್ತೇವೆ ಎಂದ ಬಂಗಾರವನ್ನು ಅಡವಿಟ್ಟವರ ಮನೆಯ ಹೆಣ್ಣು ಬೇಡ ಎಂದು ಬೀಗರು ಎದ್ದುಹೋದರೆ? ಅವರ ಭಯ ಅದೊಂದೇ, ಅದೇನು ಸಣ್ಣದಲ್ಲ.

ಅಪ್ಪ ಒಳಗೆ ಓಡಿ ಬಂದರು. ಅವ್ವ ದಿನದಂತೆ ಬಳೆಯನ್ನು ಅವರ ಕೈಗಿತ್ತು, ಮೇಲಿನ ಬಟ್ಟಲಿಗೆ ಒಂದು ಚಮಚ ಮೊಸರನ್ನೂ ಹಾಕಿದಳು, ಕ್ಯಾಮೆರಾ ಆಗಲೂ ಓಡುತ್ತಿತ್ತು. ನಿರ್ದೇಶಕ, "ಬೆಳಗಿಂದ ಸಿಕ್ಕಿರೋದು ಇದೊಂದೇ ಒಳ್ಳೇ ಸೀನ್ ಸರ್" ಎಂದ. ಅಪ್ಪ ಅವನಿಗೆ ಕೈಮುಗಿದರು. ನಮ್ಮಪ್ಪ ಮನುಷ್ಯರಿಗೆ ಹಾಗೆ ಕೈಮುಗಿದದ್ದನ್ನು ನಾನು ಅದೇ ಮೊದಲು ನೋಡಿದ್ದು. ಎಲ್ಲಾದರೂ ಹೋಗಿ ಸಾಯೋಣ ಎನ್ನಿಸಿತು. "ನೋಡೋಣ ಸರ್" ಎಂದು ಅವರು ಜೀಪು ಹತ್ತಿದರು.

ಆಮೇಲೆ ಮೂರು ವಾರ ಅಪ್ಪ ಬೆಂಗಳೂರಿಗೆ ಫೋನು ಮಾಡಿದ್ದೇ ಮಾಡಿದ್ದು. ಪ್ರತಿ ಸಲ ಹೊಸಬರೊಬ್ಬರು ಎತ್ತುತ್ತಿದ್ದರು, ಅವರಿಗೆ ಮೊದಲಿನಿಂದ ಹೇಳಬೇಕು. ಅಪ್ಪ ನನಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಈ ನಡುವೆ ತೆಲಿಗಿಯಲ್ಲಿ ನಿಶ್ಚಿತಾರ್ಥ ಆಯಿತು. ಹೋಳಿಗೆ ಊಟ ಚೆನ್ನಾಗಿತ್ತಂತೆ. ನಾವು ಹೋಗುವ ಹಾಗಿರಲಿಲ್ಲ.

ಶೋ ಬರುವ ಭಾನುವಾರ ಮಧ್ಯಾಹ್ನವೇ ಅತ್ತೆ ನಮ್ಮ ಮನೆಗೆ ಬಂದರು. ತಮ್ಮ ಮನೆಯಲ್ಲಿ ನೆಂಟರ ಮುಂದೆ ಕೂತು ನೋಡುವ ಧೈರ್ಯ ಅವರಿಗಿರಲಿಲ್ಲ. ನಾಲ್ಕೂ ಜನ ಟೀವಿ ಮುಂದೆ ಕೂತೆವು. ಅಪ್ಪ ತಕ್ಕಡಿ ಎತ್ತಿದರು, ಇಳಿಸಿದರು, ಮತ್ತೆ ಎತ್ತಿದರು. ಕ್ಯಾಮೆರಾ ಮುಂದೆ ಅರ್ಧ ಗಂಟೆ ಮಾತಾಡಿದ್ದ ನನ್ನದು ಬರೀ ಒಂದು ಮೊಣಕೈ ಬಂತು. ಆಮೇಲೆ ಅಡುಗೆಮನೆ. ಅತ್ತೆ ಅವ್ವನ ಕೈ ಹಿಡಿದುಕೊಂಡರು.

ತೆರೆಯ ಮೇಲೆ ಅತ್ತೆ ಹೆಪ್ಪು ಕೇಳಿದರು. ಅವ್ವ ಡಬ್ಬಿ ತೆಗೆದುಕೊಂಡು ಮೇಲಿನ ಬಟ್ಟಲು ಎತ್ತಿದಳು. ಅಷ್ಟರಲ್ಲಿ ಕೊಳಲಿನ ಸಂಗೀತ ಶುರುವಾಗಿ, ಒಂದು ಚಮಚ ಮೊಸರು ಬಟ್ಟಲಿಗೆ ಬಿತ್ತು. ನಿರೂಪಕಿಯ ದನಿ ಹೇಳಿತು: ಬಡ್ಡಿ ಬಂಗಾರದ ವ್ಯವಹಾರದ ನಡುವೆಯೂ ಈ ಮನೆಯ ತಾಯಿ ದೂರದ ತೆಲಿಗಿಯಿಂದ ಬಂದವರಿಗೂ ಹೆಪ್ಪು ಹಂಚುವುದನ್ನು ಮರೆತಿಲ್ಲ, ಎಂಥ ಹೃದಯವಂತಿಕೆ! ಬಳೆ ಬರಲೇ ಇಲ್ಲ. ಅಪ್ಪನ ಮಾತು ಯಾರಿಗೋ ಮುಟ್ಟಿತ್ತೋ ಏನೋ, ಕೊನೆಗೂ ಗೊತ್ತಾಗಲಿಲ್ಲ.

"ಬದುಕಿದೆವಪ್ಪಾ" ಎಂದು ಅಪ್ಪ ಅಲ್ಲೇ ನೆಲದ ಮೇಲೆ ಅಂಗಾತ ಮಲಗಿದರು. ಅವ್ವ ನಗುತ್ತ ಕಣ್ಣೊರೆಸಿಕೊಂಡಳು. ನನಗೆ ಮೂರು ವಾರದ ನಂತರ ಮೊದಲ ಸಲ ಹಸಿವಾಯಿತು.

ಅಷ್ಟರಲ್ಲಿ ಅತ್ತೆಯ ಮೊಬೈಲು ಹೊಡೆದುಕೊಂಡಿತು. ಕೂಡ್ಲಿಗಿಯಿಂದ, ಗಂಡಿನ ತಾಯಿ. ಅತ್ತೆಯ ಮುಖ ಬಿಳುಪೇರಿತು. ಆ ಮೊಬೈಲಿನಲ್ಲಿ ಒಬ್ಬರು ಮಾತಾಡಿದರೆ ಇಡೀ ಮನೆಗೆ ಕೇಳುತ್ತಿತ್ತು.

"ಏನ್ರಿ ಬೀಗಿತ್ತಿಯರ, ಟೀವಿಯಾಗ ನೋಡಿದೆ ನಿಮ್ಮನ್ನ. ಹೆಪ್ಪಿಗೆ ಹರಪನಹಳ್ಳಿತನ ಹೋಗಿದ್ರಿ?"

ಅಪ್ಪ ಎದ್ದು ಕೂತರು.

ಆ ಕಡೆಯವರು ದನಿ ತಗ್ಗಿಸಿದರು. "ಆ ಡಬ್ಬಿ ನೋಡಿ ನನಗ ತಿಳೀತು, ನಮ್ಮ ಮನಿ ಗಂಡಸ್ರಿಗೆ ಏನೂ ತಿಳದಿಲ್ಲ, ಅಂಜಬ್ಯಾಡ್ರಿ. ಬಳಿ ಬಿಡಿಸಾಕ ಅವಸರಾನೂ ಮಾಡಬ್ಯಾಡ್ರಿ. ಮದುವಿಗೆ ಹುಡುಗಿ ಕೈಗೆ ನನ್ನ ಬಳಿ ಹಾಕಿದ್ರ ಆತು, ಯಾರ್ ಕೇಳ್ತಾರ? ನನ್ನ ಸರ ಕೊಟ್ಟೂರಾಗ ಗಿರವಿ ಇಟ್ಟು ಮೂರು ವರ್ಷಾತು. ನಾನೂ ಅಲ್ಲಿಗೆ ಹೆಪ್ಪಿಗಂತನ ಹೋಗಿದ್ದೆನ್ರಿ."

ಫೋನು ಇಟ್ಟ ಮೇಲೆ ಅತ್ತೆ ಬಹಳ ಹೊತ್ತು ಅತ್ತರು. ಬಳೆಗಾಗಿ ಅಳುತ್ತಿದ್ದಾರೆಂದುಕೊಂಡು ಅವ್ವ ಬೆನ್ನು ಸವರುತ್ತ, ಜೋಳ ಮಾರಿದ ಮೇಲೆ ಬಿಡಿಸಿಕೊಂಡರಾಯಿತು ಎಂದು ಸಮಾಧಾನ ಹೇಳಿದಳು. ಅತ್ತೆ ಅಡ್ಡಡ್ಡ ತಲೆಯಾಡಿಸಿದರು.

"ಬಳಿ ಇಲ್ಲೇ ಇರ್ಲಿ ಬಿಡ ಅಕ್ಕಾ. ನನ್ನ ಮಗಳು ಎಂಥಾ ಅತ್ತಿ ಕೈಗೆ ಹೋಗ್ತಾಳೋ ಅಂತ ನನಗ ಆರು ತಿಂಗಳಿಂದ ನಿದ್ದಿ ಇರಲಿಲ್ಲ" ಎಂದರು.