ಜಾಮೀನು ಕರೆದುಕೊಂಡು ಬಂದ ಊರು

ಗುಬ್ಬಿ ತಾಲ್ಲೂಕಿನ ಒಂದು ಹಳ್ಳಿ ಠಾಣೆಯಲ್ಲಿ ನಾನು ಕಾನ್‌ಸ್ಟೇಬಲ್ ಆಗಿದ್ದಾಗ ನನ್ನ ಬೀಟಿಗೆ ಹನ್ನೊಂದು ಹಳ್ಳಿಗಳಿದ್ದವು, ಗಾಡಿ ಮಾತ್ರ ಇರಲಿಲ್ಲ. ಪ್ರೈವೇಟ್ ಬಸ್ಸಿಗೆ ಕಾದು, ಇಳಿದು, ನಡೆದು ಹೋಗುವಷ್ಟರಲ್ಲಿ ಜಗಳವಾಡಿದವರು ರಾಜಿಯಾಗಿ ಒಟ್ಟಿಗೆ ಟೀ ಕುಡಿಯುತ್ತಿರುತ್ತಿದ್ದರು, ಇಲ್ಲವೇ ಒಬ್ಬನ ತಲೆಗೆ ಹೊಲಿಗೆ ಬಿದ್ದಾಗಿರುತ್ತಿತ್ತು. ಎರಡಕ್ಕೂ ನಾನು ತಡವೇ.

ಹಾಗಾಗಿ ಜನರ ಜೊತೆ ಸೇರಿ ಕೆಲಸ ಮಾಡುವ ಪೊಲೀಸ್ ಯೋಜನೆಗೆ ಸರ್ಕಾರದ ಅನುದಾನ ಬರುತ್ತದೆ, ಅದರಲ್ಲಿ ಬೀಟಿಗೆಂದು ಒಂದು ಸ್ಕೂಟರ್ ಕೂಡ ಇದೆ ಎಂದು ಕೇಳಿದ ದಿನ ನಾನು ಠಾಣೆಯಲ್ಲೇ ಕುಣಿಯುವುದೊಂದು ಬಾಕಿ. ಆದರೆ ಒಂದು ಷರತ್ತಿತ್ತು. ಮೊದಲು ಊರಿನವರಿಗೆ ಒಂದು ದಿನದ ತರಬೇತಿ ಆಗಬೇಕು, ಕನಿಷ್ಠ ನಲವತ್ತು ಜನ ಬರಬೇಕು. ತುಮಕೂರಿನಿಂದ ಅಧಿಕಾರಿ ಬಂದು ನೋಡುತ್ತಾರೆ. ಜನ ಕಡಿಮೆಯಾದರೆ ಅನುದಾನ ಬೇರೆ ಠಾಣೆಗೆ.

“ಜನಾನ ಸೇರ್ಸೋದು ನಿನ್ ಕೆಲ್ಸ ಕಣಮ್ಮ. ಸ್ಕೂಟರ್ ಬೇಕೋ ಬೇಡ್ವೋ ನೀನೇ ನೋಡ್ಕೋ” ಎಂದರು ನಮ್ಮ ಎಸ್‌ಐ.

ಬೇಡವೇ? ಎರಡೇ ದಿನದಲ್ಲಿ ಯೂನಿಫಾರ್ಮ್ ಹಾಕಿಕೊಂಡು ಐವತ್ತು ಮನೆ ತಿರುಗಿದೆ. ವರ್ಷಗಟ್ಟಲೆ ಕೋರ್ಟಿನ ಸಮನ್ಸ್ ಹಂಚಿದ ಕೈ ನನ್ನದು. ಪ್ರತಿ ಬಾಗಿಲಲ್ಲೂ ಹೆಸರು, ತಂದೆ ಹೆಸರು, ವಯಸ್ಸು ಕೇಳಿದೆ. ತರಬೇತಿಯ ಕರೆಯೋಲೆಯ ಒಂದು ಪ್ರತಿ ಕೊಟ್ಟೆ, ಇನ್ನೊಂದರ ಮೇಲೆ ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಿಸಿಕೊಂಡೆ. ಮೇಲೆ ಠಾಣೆಯ ಸೀಲು ಬೇರೆ. ಜನರ ಮುಖ ಬಾಡಿದ್ದು ಬಿಸಿಲಿಗೆ ಎಂದುಕೊಂಡೆ. ನನ್ನ ಬುದ್ಧಿ ಅಷ್ಟೇ.

ತರಬೇತಿಯ ದಿನ, ಗುರುವಾರ, ಹತ್ತು ಗಂಟೆ ಕಳೆದರೂ ಸಮುದಾಯ ಭವನದಲ್ಲಿ ಅಡುಗೆಯವರನ್ನು ಬಿಟ್ಟರೆ ಒಂದು ನರಪಿಳ್ಳೆ ಇಲ್ಲ. ಅಧಿಕಾರಿ ಗಡಿಯಾರ ನೋಡಿಕೊಂಡರು. ಸ್ಕೂಟರ್ ಕೈತಪ್ಪಿತು ಎಂದು ನನಗೆ ಅಳುವೇ ಬಂತು. ಅಷ್ಟರಲ್ಲಿ ಠಾಣೆಯಿಂದ ಎಸ್‌ಐ ಫೋನು: “ಏನಮ್ಮ ಮಾಡಿದ್ದೀಯಾ? ಊರಿಗೂರೇ ಇಲ್ಲಿ ಬಂದ್ ನಿಂತದೆ!”

ಓಡಿದೆ. ಠಾಣೆಯ ಮುಂದೆ ಕಾಲಿಡಲು ಜಾಗವಿರಲಿಲ್ಲ. ಒಬ್ಬೊಬ್ಬರ ಪಕ್ಕದಲ್ಲೂ ಒಬ್ಬೊಬ್ಬ ಜಾಮೀನುದಾರ, ಕೈಯಲ್ಲಿ ಜಾಮೀನಿಗೆ ತೋರಿಸಲು ಪ್ಲಾಸ್ಟಿಕ್ ಕವರಿನಲ್ಲಿಟ್ಟ ಹೊಲದ ಪಹಣಿ. ಒಬ್ಬರು ಗುಬ್ಬಿಯಿಂದ ಲಾಯರನ್ನೇ ಕರೆತಂದಿದ್ದರು. ಇನ್ನೊಬ್ಬರ ಬ್ಯಾಗಿನಲ್ಲಿ, ಒಳಗೆ ಹಾಕಿದರೆ ಇರಲಿ ಎಂದು, ಕಂಬಳಿ.

“ನಾನೇನ್ ತಪ್ ಮಾಡಿವ್ನಿ ಅಂತ ಗೊತ್ತಿಲ್ಲ ತಾಯಿ. ಆದ್ರೂ ಇರ್ಲಿ ಅಂತ ಬಾಮೈದುನ್ನ ಕರ್ಕಂಡ್ ಬಂದಿವ್ನಿ” ಎಂದು ಒಬ್ಬ ಹಿರಿಯರು ಕೈಮುಗಿದರು. ನಗು ತಡೆಯಲಾಗದೆ ನಾನು ಅಲ್ಲೇ ಮೆಟ್ಟಿಲ ಮೇಲೆ ಕುಳಿತುಬಿಟ್ಟೆ.

ಎಲ್ಲರನ್ನೂ ಭವನಕ್ಕೆ ಕರೆತಂದೆವು. ಜಾಮೀನುದಾರರೂ ಸೇರಿ ಕುರ್ಚಿ ಸಾಲದೆ ಕಿಟಕಿಯ ಬಳಿಯೆಲ್ಲ ಜನ. ಎಲ್ಲರ ಕೈಯಲ್ಲೂ ಪಹಣಿ ಯಾಕೆ ಎಂದು ಅಧಿಕಾರಿ ಕೇಳಿದ್ದಕ್ಕೆ ಎಸ್‌ಐ ಮುಖದ ಒಂದು ಗೆರೆಯೂ ಅಲುಗದಂತೆ “ಗುರುತಿನ ದಾಖಲೆ ಸರ್” ಎಂದರು. ಫೋನಿನಲ್ಲಿ ನಡೆಯುವ ಮೋಸದ ಪಾಠದಲ್ಲಿ ಅತಿ ಹೆಚ್ಚು ಪ್ರಶ್ನೆ ಕೇಳಿದವರು ಆ ಲಾಯರು. ಪಾಪ, ಸ್ವತಃ ಮೋಸ ಹೋಗಿದ್ದರಂತೆ.

ಕೊನೆಗೆ ನಾನು ಮೈಕ್ ಹಿಡಿದು ತಪ್ಪಾಯಿತು ಎಂದೆ, ಇನ್ನು ಮೇಲೆ ಸಹಿ ಕೇಳದೆ ಬಾಯಿಮಾತಿನಲ್ಲೇ ಕರೆಯುತ್ತೇನೆ ಎಂದೆ. ಭವನವೆಲ್ಲ ನಕ್ಕಿತು. ಊಟ ಮುಗಿದ ಮೇಲೆ ಸ್ತ್ರೀಶಕ್ತಿ ಸಂಘದ ಒಬ್ಬ ಹೆಂಗಸು ನನ್ನ ಪಕ್ಕಕ್ಕೆ ಬಂದಳು. ಅವಳಿಗೆ ಜಾಮೀನಾಗಿ ಬಂದಿದ್ದ ಭಾವ ದೂರದಲ್ಲಿ ಕೈತೊಳೆಯುತ್ತಿದ್ದ.

“ಮಗ್ಳು ಗುಬ್ಬಿ ಕಾಲೇಜ್ಗೆ ಹೋಗೋ ಬಸ್ಸಲ್ಲಿ ಹುಡುಗ್ರು ಕಾಟ ಕೊಡ್ತವ್ರೆ ಮೇಡಂ. ಮನೇಲಿ ಗೊತ್ತಾದ್ರೆ ಕಾಲೇಜೇ ಬುಡ್ಸ್ತಾರೆ. ನಾಕ್ ತಿಂಗ್ಳಿಂದ ನಿಮ್ಮತ್ರ ಹೇಳಾಣ ಅಂತಿದ್ದೆ. ನಾನಾಗೇ ಟೇಸನ್ಗೆ ಬಂದ್ರೆ ಸುಮ್ನೆ ಬುಟ್ಟಾರಾ? ನೀವೇ ಕರ್ಸಿದ್ಕೆ ಇವತ್ತು ಯಾರೂ ಏನೂ ಅನ್ನಂಗಿಲ್ಲ. ಸಹಿ ಹಾಕ್ಸ್ಕೊಳೋದು ನಿಲ್ಲಿಸ್ಬೇಡಿ.”

ನನಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಅವಳ ಜಾಣತನ ಕಂಡು ಖುಷಿಯಾಯಿತು.

ಸ್ಕೂಟರ್ ಬಂತು. ಮೊದಲ ವಾರವಿಡೀ ಅದು ಓಡಿದ್ದು ಗುಬ್ಬಿಯ ಬಸ್ಸಿನ ಹಿಂದೆ. ಹುಡುಗರು ಬಾಲ ಮುದುರಿಕೊಂಡರು, ಹುಡುಗಿಯ ಓದು ನಿಲ್ಲಲಿಲ್ಲ. ಆಮೇಲೂ ತಿಂಗಳಿಗೊಮ್ಮೆ ಆ ಹೆಂಗಸಿನ ಮನೆಯ ಮುಂದೆ ಗಾಡಿ ನಿಲ್ಲಿಸಿ, ಒಳಗಿದ್ದ ಭಾವನಿಗೂ ಕೇಳುವಂತೆ ದನಿ ಏರಿಸಿ, “ಏನಮ್ಮ, ನಾಳೆ ಠಾಣೆಗೆ ಬರ್ಲೇಬೇಕು, ಹಾಕು ಸಹಿ!” ಎನ್ನುತ್ತಿದ್ದೆ. ಅವಳು ಹೆದರಿದವಳ ಹಾಗೆ ಮುಖ ಮಾಡಿ ಸಹಿ ಹಾಕುತ್ತಿದ್ದಳು.