ಸೀರೆ ಉಟ್ಟವರಿಗೆ ದೋಣಿ ಇಲ್ಲವಂತೆ

ಗೆಳೆಯರೇ, ಇವತ್ತು ನಮ್ಮ ಪ್ರವಾಸದ ತಂಡ ಇಳಿದ ಅಂಡಮಾನಿನ ಕಡಲ ದಂಡೆಯಲ್ಲಿ ನನ್ನ ಹೆಂಡತಿಗೆ ಮೊದಲು ದೋಣಿ ಕೊಡಲಿಲ್ಲ. ಒಬ್ಬೊಬ್ಬರೇ ಕೂತು ಹುಟ್ಟು ಹಾಕುವ ಸಣ್ಣ ದೋಣಿ ಅದು. "ಸೀರೆ ಉಟ್ಟವರಿಗೆ ಇಲ್ಲ, ಮಗುಚಿದರೆ ಕಾಲಿಗೆ ಸುತ್ತಿಕೊಳ್ಳುತ್ತದೆ" ಎಂದು ದೋಣಿಯವನು ಹಿಂದಿಯಲ್ಲಿ ಹೇಳಿದ.

"ಅವಗ ಹೇಳ್ರಿ, ಕೆನಾಲಿಗೆ ನೀರು ಬಂದಾಗಿಂದ ಸೀರ್ಯಾಗೇ ಭತ್ತದ ನಾಟಿ ಹಚ್ಚೀನಿ. ತವರುಮನಿ ತಿಂಥಣಿ ಹೊಳ್ಯಾಗ ಹರಗೋಲು ನಡಿಸೀನಿ" ಎಂದವಳೇ ಸೀರೆಯನ್ನು ಕಚ್ಚೆ ಹಾಕಿ ಬಿಗಿದಳು. ನಾನು ಅದನ್ನು ಹಿಂದಿಯಲ್ಲಿ ಹೇಳಿದ ಮೇಲೆ ದೋಣಿಯವನು ಒಪ್ಪಿ, ನೀರಲ್ಲಿ ತೇಲಿಸುವ ಜಾಕೆಟ್ ಕೊಟ್ಟ.

ದುಂಡನೆಯ ಹರಗೋಲಿನ ರೂಢಿಯಲ್ಲಿ ಹುಟ್ಟು ಹಾಕಿದ್ದಕ್ಕೆ ದೋಣಿ ಮೊದಲು ನಿಂತಲ್ಲೇ ಗರಗರ ತಿರುಗಿತು. ಆಮೇಲೆ ನೆಟ್ಟಗೆ ಹೋಗಿ ದೂರದ ಕೆಂಪು ಬಾವುಟ ಮುಟ್ಟಿ ಬಂತು.

"ನೀವೂ ಬರ್ರಿ" ಎಂದು ಕರೆದಳು.

"ಇಷ್ಟು ಮಂದಿ ಚಪ್ಪಲಿ ಯಾರು ಕಾಯಬೇಕು?" ಎಂದೆ.

ನಮ್ಮೂರು ದೇವಾಪುರಕ್ಕೆ ಹೋದ ಮೇಲೆ ಮಾತ್ರ, "ಸಮುದ್ರದಾಗ ದೋಣಿ ನಡಿಸೀವಿ" ಅಂತಲೇ ಹೇಳುವವನು ನಾನು.